ಪ್ರತಿಕ್ರಿಯೆ: ಫ್ರಟರ್ನಿಟಿಯ ಹೊಸ ಮನೆಗೆ ದೇಣಿಗೆ ಕೊಟ್ಟರೆ ತೆರಿಗೆ ವಿನಾಯಿತಿ ಉಂಟೇ?

ಅಮೆರಿಕದಲ್ಲಿ ನೀವು ಓದುವಾಗ ಸೇರಿದ್ದ ಫ್ರಟರ್ನಿಟಿಯವರು (ಸದಸ್ಯರು ಒಟ್ಟಿಗೆ ವಾಸಿಸುವ ಕಾಲೇಜು ಹುಡುಗರ ಸಂಘ) ಹೊಸ ಮನೆ ಕಟ್ಟಲು ಐದು ವರ್ಷಗಳಲ್ಲಿ 5,000 ಡಾಲರ್ ಕೊಡಿ ಎಂದಿದ್ದಾರೆ, ಅದಕ್ಕೆ ಅಲ್ಲಿನ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಚೆಕ್ ಯಾರ ಹೆಸರಿಗೆ ಬರೆಯುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ.

ಸಾಮಾನ್ಯವಾಗಿ ಇಂಥ ಮನೆಯ ಒಡೆತನ ಮನೆಗೆಂದೇ ಹಳೆಯ ವಿದ್ಯಾರ್ಥಿಗಳು ಮಾಡಿಕೊಂಡ ಸಂಸ್ಥೆಯಾದ ಹೌಸ್ ಕಾರ್ಪೊರೇಷನ್‌ನದು. ಅದು ಅಲ್ಲಿನ ತೆರಿಗೆ ಕಾನೂನಿನ 501(ಸಿ)(7) ಕಲಮಿನಡಿಯ ಸಾಮಾಜಿಕ ಕ್ಲಬ್ ಆಗಿದ್ದರೆ ಒಂದು ಸೆಂಟಿನ ವಿನಾಯಿತಿಯೂ ಇಲ್ಲ. 501(ಸಿ)(3) ಅಡಿಯ ಶೈಕ್ಷಣಿಕ ಪ್ರತಿಷ್ಠಾನಕ್ಕೆ ಕೊಟ್ಟರೆ ಸಿಗಬಹುದು. ಆದರೆ ಆ ಹಣ ಓದುವ ಕೋಣೆ, ಗ್ರಂಥಾಲಯದಂಥ ಶಿಕ್ಷಣದ ಭಾಗಕ್ಕೆ ಹೋಗಬೇಕು, ಪಾರ್ಟಿ ನಡೆಯುವ ಹಾಲ್‌ಗಲ್ಲ. ಶಿಕ್ಷಣದ ಭಾಗ ಎಷ್ಟೆಂದು ತಿಳಿಯಲು ನಮ್ಮ ಫ್ರಟರ್ನಿಟಿಯ ಕಟ್ಟಡ ಸಮಿತಿಯಲ್ಲಿ ಒಂದು ಸಂಜೆಯಿಡೀ ನಕ್ಷೆ ಹರಡಿಕೊಂಡು, ಓದುವ ಕೋಣೆಗೆ ಹಳದಿ, ಉಳಿದದ್ದಕ್ಕೆ ಕೆಂಪು ಹಚ್ಚಿ ಚದರಡಿ ಎಣಿಸಿದ್ದೆವು. ಮೆಟ್ಟಿಲಿಗೆ ಯಾವ ಬಣ್ಣ ಎಂಬ ಜಗಳ ಮುಗಿಯುವಷ್ಟರಲ್ಲಿ ಪಿಜ್ಜಾ ಆರಿಹೋಗಿತ್ತು.

ನಿಮ್ಮ ಜಾಗದಲ್ಲಿ ನಾನಿದ್ದರೆ ವಿನಾಯಿತಿಗಿಂತ ಬೇರೆ ವಿಷಯಕ್ಕೆ ತಲೆ ಕೆಡಿಸಿಕೊಳ್ಳುತ್ತಿದ್ದೆ. ನಿವೇಶನ ಅವರದೋ, ವಿಶ್ವವಿದ್ಯಾಲಯದಿಂದ ಗುತ್ತಿಗೆಗೆ ಪಡೆದದ್ದೋ? ರ‍್ಯಾಗಿಂಗ್ ಗಲಾಟೆಯಾಗಿ ಫ್ರಟರ್ನಿಟಿಯ ಆ ಕಾಲೇಜಿನ ಶಾಖೆಯ ಮಾನ್ಯತೆ ಹೋದರೆ ಕಟ್ಟಡದ ಗತಿ, ಸಾಲದ ಗತಿ ಏನು? ಇಂಥ ಅಭಿಯಾನಗಳಲ್ಲಿ ದೊಡ್ಡ ದಾನಿಗಳನ್ನು ಮೊದಲು ಸದ್ದಿಲ್ಲದೆ ಕಂಡು, ಆಮೇಲೆ ಎಲ್ಲರಿಗೂ ಪತ್ರ ಹಾಕುವುದು ವಾಡಿಕೆ. ನಿಮಗೆ ಬಂದ ಪತ್ರದಲ್ಲಿ ಇದುವರೆಗೆ ಕೂಡಿದ ಮೊತ್ತವೇ ಇಲ್ಲವೆಂದರೆ ಫೋನ್ ಮಾಡಿ ಕೇಳಿ. ವಾಗ್ದಾನ ಪತ್ರಕ್ಕೆ ಸಹಿಯನ್ನು ಆಮೇಲೆ ಹಾಕಿದರಾಯಿತು.