ನೋಡು ಬೇರೆ, ನೋಡಿಕೋ ಬೇರೆ

ಇಂಗ್ಲಿಷ್ ಕಲಿಯುತ್ತಿರುವ ಓದುಗರ ಪ್ರಶ್ನೆಗಳಿಗೆ ವಿಜಯಪುರದ ನಿವೃತ್ತ ಹೈಸ್ಕೂಲ್ ಶಿಕ್ಷಕಿಯೊಬ್ಬರ ಉತ್ತರ. ಈ ಸಲ ಬಂದ ಪತ್ರಗಳೆಲ್ಲ ಕ್ರಿಯಾಪದದ ಬೆನ್ನಿಗೆ ಬರುವ ಅಪ್, ಆಫ್, ಆನ್, ಅಬೌಟ್‌ಗಳ ಬಗ್ಗೆಯೇ ಇವೆ.

ಪ್ರಶ್ನೆ: ಅಕ್ಕೋರೇ, ನಾನು ಬಾದಾಮಿಯಲ್ಲಿ ಆಟೊ ಓಡಿಸುತ್ತೇನೆ. ಫಾರಿನ್ ಪ್ರವಾಸಿಗಳನ್ನು ಮೇಣಬಸದಿ, ಪಟ್ಟದಕಲ್ಲು, ಐಹೊಳೆಗೆ ಕರೆದೊಯ್ಯುತ್ತೇನೆ. ಒಬ್ಬರಿಗೆ 'ಐ ವಿಲ್ ಪಿಕ್ ಅಪ್ ಯು ಅಟ್ ಸಿಕ್ಸ್' ಎಂದು ಮೆಸೇಜ್ ಹಾಕಿದೆ. ಪಿಯುಸಿ ಓದುವ ಮಗಳು ಅದು ತಪ್ಪು ಅಂದಳು. ಏನು ತಪ್ಪು? ಇನ್ನೊಂದು, ಆಟೊಗೆ 'ಗೆಟ್ ಇನ್', ಬಸ್ಸಿಗೆ 'ಗೆಟ್ ಆನ್' ಅಂತಾರಲ್ಲ, ಯಾಕೆ?

ಉತ್ತರ: ತಮ್ಮಾ, ಮಗಳು ಹೇಳಿದ್ದು ಸರಿ. 'ಪಿಕ್ ಯು ಅಪ್' ಆಗಬೇಕು. ಪಿಕ್ ಮತ್ತು ಅಪ್ ಇಲ್ಲಿ ಎರಡಲ್ಲ, ಸೇರಿ ಒಂದೇ ಕ್ರಿಯಾಪದ. ಹೆಸರು ಹೇಳುವಾಗ ಅದನ್ನು ನಡುವೆಯೂ ಇಡಬಹುದು, ಕೊನೆಗೂ ಇಡಬಹುದು. 'ಪಿಕ್ ಅಪ್ ದ ಗೆಸ್ಟ್ಸ್', 'ಪಿಕ್ ದ ಗೆಸ್ಟ್ಸ್ ಅಪ್', ಎರಡೂ ನಡೆಯುತ್ತವೆ. ಆದರೆ ಮಿ, ಯು, ಹಿಮ್, ಹರ್, ಇಟ್, ಅಸ್, ದೆಮ್ ಬಂದರೆ ಅವು ನಡುವೆಯೇ ಕೂರಬೇಕು. 'ಡ್ರಾಪ್ ಅಸ್ ಆಫ್', 'ಟರ್ನ್ ಇಟ್ ಆಫ್', 'ಪುಟ್ ಇಟ್ ಆನ್'. 'ಟರ್ನ್ ಆಫ್ ಇಟ್' ಅಂತ ಇಂಗ್ಲಿಷ್ ಮನೆಮಾತಿನವರು ಯಾರೂ ಅನ್ನುವುದಿಲ್ಲ.

ಎಲ್ಲ ಜೋಡಿಗಳೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. 'ಲುಕ್ ಆಫ್ಟರ್ ಹಿಮ್' (ಅವನನ್ನು ನೋಡಿಕೋ) ಸರಿ, 'ಲುಕ್ ಹಿಮ್ ಆಫ್ಟರ್' ತಪ್ಪು. ಯಾವುದು ಬಿಡಿಸಬಹುದಾದದ್ದು ಎಂದು ಗೊತ್ತಾಗಲು ಕಿವಿ ಕೊಟ್ಟು ಕೇಳಿ. 'ಪಿಕ್ ಇಟ್ ಅಪ್' ಅನ್ನುವಾಗ ಒತ್ತು ಅಪ್ ಮೇಲೆ ಬೀಳುತ್ತದೆ. 'ಲುಕ್ ಅಟ್ ಇಟ್' ಅನ್ನುವಾಗ ಒತ್ತು ಲುಕ್ ಮೇಲೆ. ಒತ್ತು ಬೀಳದ ಆ ಸಣ್ಣ ಪದ ತನ್ನ ಮುಂದಿನ ಹೆಸರನ್ನು ಬಿಟ್ಟು ಸರಿಯುವುದಿಲ್ಲ. ನೀವು ದಿನಾ ಪ್ರವಾಸಿಗಳ ಬಾಯಿಂದಲೇ ಇಂಗ್ಲಿಷ್ ಕೇಳುತ್ತೀರಿ. ಪುಸ್ತಕ ಮಾತ್ರ ಓದಿದವರಿಗೆ ಈ ಅವಕಾಶ ಇಲ್ಲ.

ಇನ್ನು ಹತ್ತುವ ವಿಷಯ. ಒಳಗೆ ಎದ್ದು ನಿಂತು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ 'ಗೆಟ್ ಆನ್, ಗೆಟ್ ಆಫ್'. ಮೇಲೆ ಕೂರುವ ಬೈಕು, ಕುದುರೆಗೂ ಅದೇ. ಬಗ್ಗಿ ಒಳಗೆ ತೂರಬೇಕಾದ ಕಾರು, ಆಟೊಗೆ 'ಗೆಟ್ ಇನ್, ಗೆಟ್ ಔಟ್'. ನಾವು ಬಸ್ಸಿನಿಂದ ಇಳಿಯಲು 'ಗೆಟ್ ಡೌನ್' ಅನ್ನುತ್ತೇವೆ. ಭಾರತದಲ್ಲಿ ಎಲ್ಲರಿಗೂ ಅದು ತಿಳಿಯುತ್ತದೆ. ಆದರೆ ಇಂಗ್ಲೆಂಡಿನವರಿಗೆ 'ತಲೆ ತಗ್ಗಿಸು, ಬಗ್ಗು' ಅಂದ ಹಾಗೆ ಕೇಳಬಹುದು. ಅವರಿಗೆ 'ಗೆಟ್ ಔಟ್ ಹಿಯರ್, ಪ್ಲೀಸ್' ಅಂತಲೂ ಹೇಳಬೇಡಿ, ಒರಟಾಗುತ್ತದೆ. 'ಐ ವಿಲ್ ಡ್ರಾಪ್ ಯು ಆಫ್ ಹಿಯರ್' ಅನ್ನಿ.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿ ಆಫೀಸಿನಲ್ಲಿದ್ದೇನೆ. 'ವಿ ವಿಲ್ ಡಿಸ್ಕಸ್ ಅಬೌಟ್ ದ ರೇಟ್' ಎಂದು ಮೇಲ್ ಬರೆದರೆ ಮ್ಯಾನೇಜರ್ ಅಬೌಟ್ ತೆಗೆದುಹಾಕುತ್ತಾರೆ. ಅವರೇ 'ಡಿಸ್ಕಷನ್ ಅಬೌಟ್ ದ ರೇಟ್' ಎಂದು ಬರೆಯುತ್ತಾರೆ. ಇದು ಹೇಗೆ ಮೇಡಂ?

ಉತ್ತರ: ಮ್ಯಾನೇಜರ್ ಎರಡು ಕಡೆಯೂ ಸರಿಯಾಗಿದ್ದಾರೆ. ಡಿಸ್ಕಸ್ ಕ್ರಿಯಾಪದ, ಅದಕ್ಕೆ ಅಬೌಟ್ ಬೇಡ. ಡಿಸ್ಕಷನ್ ನಾಮಪದ, ಅದಕ್ಕೆ ಬೇಕು. ನಿಮ್ಮ ಆಫೀಸಿನದ್ದೇ ಇನ್ನೊಂದು ಉದಾಹರಣೆ ಕೊಡುತ್ತೇನೆ. 'ದೇ ಆರ್ಡರ್ಡ್ 200 ಕಾಸ್ಟಿಂಗ್ಸ್', ಇಲ್ಲಿ ಫಾರ್ ಇಲ್ಲ. 'ವಿ ಗಾಟ್ ಆ್ಯನ್ ಆರ್ಡರ್ ಫಾರ್ 200 ಕಾಸ್ಟಿಂಗ್ಸ್', ಇಲ್ಲಿ ಇದೆ. ರಿಕ್ವೆಸ್ಟ್ ಕೂಡ ಇದೇ ಜಾತಿ. ಎಂಟರ್ ಮಾತ್ರ ಸ್ವಲ್ಪ ಬೇರೆ. ಕೋಣೆಯೊಳಗೆ ಹೋದರೆ 'ಎಂಟರ್ ದ ರೂಮ್', ಒಪ್ಪಂದ ಮಾಡಿಕೊಂಡರೆ 'ಎಂಟರ್ ಇನ್‌ಟು ಆ್ಯನ್ ಅಗ್ರಿಮೆಂಟ್'.

ಈ ತಪ್ಪುಗಳು ಸುಮ್ನೆ ಬರುವುದಿಲ್ಲ. ನಮ್ಮ ತಲೆಯಲ್ಲಿ ಕನ್ನಡ ಓಡುತ್ತಿರುತ್ತದೆ. 'ರೇಟಿನ ಬಗ್ಗೆ ಚರ್ಚಿಸೋಣ' ಅನ್ನುವಾಗಿನ 'ಬಗ್ಗೆ' ಅಲ್ಲಿ ಅಬೌಟ್ ಆಗಿ ಇಳಿಯುತ್ತದೆ. 'ನನ್ನ ಮೇಲೆ ಸಿಟ್ಟು' ಎಂಬುದು 'ಆಂಗ್ರಿ ಆನ್ ಮಿ' ಆಗುತ್ತದೆ, ಇರಬೇಕಾದ್ದು ವಿತ್. 'ಅವನ ಜೊತೆ ಮದುವೆ' ಎಂಬುದು 'ಮ್ಯಾರೀಡ್ ವಿತ್' ಆಗುತ್ತದೆ, ಇರಬೇಕಾದ್ದು ಟು. ಉಲ್ಟಾ ಕೂಡ ಆಗುತ್ತದೆ. ನಾವು 'ಹಾಡು ಕೇಳುತ್ತೇವೆ'. ಅಲ್ಲಿ ಏನೂ ಅಂಟಿಲ್ಲ. ಹಾಗಾಗಿ 'ಲಿಸನ್ ಮ್ಯೂಸಿಕ್' ಅಂದುಬಿಡುತ್ತೇವೆ, ಟು ಬಿಟ್ಟುಹೋಗುತ್ತದೆ. ದಡ್ಡತನದಿಂದ ಆಗುವ ತಪ್ಪು ಅಲ್ಲ ಇದು. ಇದಕ್ಕಾಗಿ ಮಕ್ಕಳನ್ನು ಬೈಯುವ ಶಿಕ್ಷಕರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ.

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೇನೆ. ಕೋಚಿಂಗ್‌ನಲ್ಲಿ ಫ್ರೇಸಲ್ ವರ್ಬ್‌ಗಳ, ಅಂದರೆ ಸಣ್ಣ ಪದ ಅಂಟಿದ ಕ್ರಿಯಾಪದಗಳ, ಉದ್ದ ಪಟ್ಟಿ ಕೊಟ್ಟಿದ್ದಾರೆ. ಬಾಯಿಪಾಠ ಮಾಡಿದರೂ ವಾರಕ್ಕೆ ಮರೆತುಹೋಗುತ್ತದೆ. ಇದಕ್ಕೆ ಲಾಜಿಕ್ ಇದೆಯಾ? — ಇಂಡಿ ತಾಲೂಕಿನ ಓದುಗಾರ್ತಿ

ಉತ್ತರ: ತಂಗೀ, ಮೊದಲು ಒಂದು ಸಮಾಧಾನ. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ ಈ ಮಾತು ಎತ್ತಿದ್ದ. ಕ್ರಿಯಾಪದಕ್ಕೆ ಸಣ್ಣ ಪದ ಸೇರಿಸಿ ಅರ್ಥ ಬದಲಿಸುವ ಪದ್ಧತಿಯೇ ಹೊರಗಿನವರಿಗೆ ಅತಿ ಕಷ್ಟ ಎಂದು ಬರೆದ. ನೀವು ಒಬ್ಬರೇ ಒದ್ದಾಡುತ್ತಿಲ್ಲ.

ಈಗ ಲಾಜಿಕ್. ನಮ್ಮ ಮಾತನ್ನೇ ಗಮನಿಸಿ. ನೋಡು ಬೇರೆ, ನೋಡಿಕೋ ಬೇರೆ. 'ಮಗೂನ ನೋಡು' ಅಂದರೆ ಕಣ್ಣು ಹಾಯಿಸು. 'ಮಗೂನ ನೋಡಿಕೋ' ಅಂದರೆ ಜೋಪಾನ ಮಾಡು. ನಾವು ಕೊಳ್ಳು, ಬಿಡು, ಹೋಗು, ಹಾಕು ಎಂಬ ಇನ್ನೊಂದು ಕ್ರಿಯಾಪದ ಸೇರಿಸಿ ಅರ್ಥ ತಿರುಗಿಸುತ್ತೇವೆ. ಇಂಗ್ಲಿಷಿನವರು 'ಲುಕ್ ಅಟ್'ನಲ್ಲಿ ಅಟ್ ತೆಗೆದು ಆಫ್ಟರ್ ಹಾಕುತ್ತಾರೆ, 'ನೋಡು' ಹೋಗಿ 'ನೋಡಿಕೋ' ಆಗುತ್ತದೆ. ಕೆಲಸ ಒಂದೇ.

ನಿಮ್ಮ ಕಡೆ ಲಿಂಬೆ ತೋಟ ಜಾಸ್ತಿ ಅಲ್ವಾ? ಬೇಸಿಗೆಯಲ್ಲಿ ಬೋರ್‌ವೆಲ್ 'ಬತ್ತಿಹೋಯಿತು' ಅನ್ನುತ್ತೀರಿ. 'ಬತ್ತಿತು' ಅಂದರೆ ಸಾಲುವುದಿಲ್ಲ. ಆ 'ಹೋಯಿತು' ಪೂರ್ತಿ ಮುಗಿದದ್ದನ್ನು ಹೇಳುತ್ತದೆ. ಇಂಗ್ಲಿಷಿನಲ್ಲಿ 'ದ ಬೋರ್‌ವೆಲ್ ಡ್ರೈಡ್ ಅಪ್'. ಅಪ್ ಮಾಡಿದ್ದೂ ಅದನ್ನೇ. ತಟ್ಟೆಯಲ್ಲಿ ಉಳಿದ ರೊಟ್ಟಿ 'ತಿಂದುಬಿಡು' ಅಂದರೆ 'ಈಟ್ ಇಟ್ ಅಪ್'. ಕಾಗದ 'ಹರಿದುಹಾಕು' ಅಂದರೆ 'ಟೇರ್ ಇಟ್ ಅಪ್'. ಯೂಸ್ ಅಪ್, ಡ್ರಿಂಕ್ ಅಪ್ ಇದೇ ಸಾಲಿನವು. ಪಟ್ಟಿಯನ್ನು ಅಕಾರಾದಿಯಾಗಿ ಓದಬೇಡಿ. ಅಪ್ ಇರುವವನ್ನು ಒಂದು ಕಡೆ, ಆಫ್ ಇರುವವನ್ನು ಒಂದು ಕಡೆ, ಔಟ್ ಇರುವವನ್ನು ಒಂದು ಕಡೆ ಬರೆದುಕೊಳ್ಳಿ. ಆಫ್ ಬಂದಲ್ಲಿ ಏನೋ ಒಂದು ಇದ್ದ ಜಾಗ ಬಿಟ್ಟು ದೂರ ಸರಿಯುವ ಭಾವ ಬಹಳ ಕಡೆ ಸಿಗುತ್ತದೆ. ಗುಡಿಯ ಹೊರಗೆ ಚಪ್ಪಲಿ 'ಟೇಕ್ ಆಫ್' ಮಾಡುತ್ತೇವೆ. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನವೂ 'ಟೇಕ್ಸ್ ಆಫ್'. ಮುಂದೂಡುವುದು 'ಪುಟ್ ಆಫ್', ರದ್ದು ಮಾಡುವುದು 'ಕಾಲ್ ಆಫ್'. ಕೊನೆಯ ಇವೆರಡರಲ್ಲಿ ಪರೀಕ್ಷೆಯವರು ಬೇಕಂತಲೇ ಗೊಂದಲ ಮಾಡುತ್ತಾರೆ, ಹುಷಾರು.

ಕೆಲವಕ್ಕೆ ಲಾಜಿಕ್ ಹುಡುಕಬೇಡಿ. 'ಪುಟ್ ಅಪ್ ವಿತ್' ಅಂದರೆ ಸಹಿಸಿಕೊಳ್ಳುವುದು. ಪುಟ್ ಎಲ್ಲಿ, ಸಹನೆ ಎಲ್ಲಿ! ಅಂಥವನ್ನು ಇಡಿಯಾಗಿ ನುಂಗಬೇಕು. ಅದಕ್ಕೂ ಉಪಾಯ ಇದೆ. ಪುಸ್ತಕದ ವಾಕ್ಯ ಬೇಡ, ನಿಮ್ಮ ಮನೆಯ ವಾಕ್ಯ ಬರೆಯಿರಿ. ಗ್ಯಾಸ್ ಮುಗಿದ ದಿನ 'ವಿ ಹ್ಯಾವ್ ರನ್ ಔಟ್ ಆಫ್ ಗ್ಯಾಸ್' ಎಂದು ನೋಟ್‌ಬುಕ್ಕಿನಲ್ಲಿ ಬರೆದರೆ ಅದು ಮರೆಯುವುದಿಲ್ಲ. ದಿನಕ್ಕೆ ಎರಡು ಸಾಕು. ಬರೆದದ್ದನ್ನು ಗಟ್ಟಿಯಾಗಿ ಓದಿ. ತರಗತಿಯಲ್ಲಿ ಪಟ್ಟಿ ಉರು ಹೊಡೆದವರಿಗಿಂತ ಹೀಗೆ ಬರೆದ ಹುಡುಗಿಯರೇ ಮುಂದೆ ಧೈರ್ಯವಾಗಿ ಮಾತಾಡಿದ್ದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ವಾಕ್ಯದ ಕೊನೆಗೆ ಪ್ರಿಪೊಸಿಷನ್ (ಅಟ್, ಆನ್, ಫಾರ್‌ನಂಥ ಸಣ್ಣ ಪದ) ಬರಬಾರದು ಎಂದು ಮಗನ ಟ್ಯೂಷನ್ ಸರ್ ಹೇಳುತ್ತಾರೆ. 'ವಾಟ್ ಆರ್ ಯು ಲುಕಿಂಗ್ ಅಟ್?' ತಪ್ಪೇ? — ಮುಧೋಳದ ಓದುಗರು

ಉತ್ತರ: ತಪ್ಪಲ್ಲ. ಜಾನ್ ಡ್ರೈಡನ್ ಎಂಬ ಕವಿ 1672ರಲ್ಲಿ ಇದಕ್ಕೆ ಆಕ್ಷೇಪ ಎತ್ತಿದ. ಆಮೇಲೆ ಅದು ಶಾಲೆಗಳಲ್ಲಿ ನಿಯಮವಾಗಿ ಕೂತಿತು. ಲ್ಯಾಟಿನ್‌ನಲ್ಲಿ ಹಾಗೆ ಬರುವುದಿಲ್ಲ, ಇಂಗ್ಲಿಷಿನಲ್ಲಿ ಧಾರಾಳವಾಗಿ ಬರುತ್ತದೆ. 'ಅಟ್ ವಾಟ್ ಆರ್ ಯು ಲುಕಿಂಗ್?' ಎಂದು ಮಾತಿನಲ್ಲಿ ಯಾರೂ ಕೇಳುವುದಿಲ್ಲ. ಟ್ಯೂಷನ್ ಸರ್ ಜೊತೆ ವಾದ ಬೇಡ. ಮನೆಯಲ್ಲಿ ಮಗ 'ವಾಟ್ ಆರ್ ಯು ಲುಕಿಂಗ್ ಅಟ್?' ಅಂದರೆ ತಿದ್ದಬೇಡಿ, ಅಷ್ಟೇ.