ಓದುಗರ ಪ್ರಶ್ನೆ: ಆರತಕ್ಷತೆಗೆ ಡಿಜೆ ಹೇಳಿದ್ದೀರಾ?

ಪ್ರಶ್ನೆ: ತಂಗಿಯ ಆರತಕ್ಷತೆ ಮುಹೂರ್ತದ ಹಿಂದಿನ ಸಂಜೆ, ಛತ್ರದಲ್ಲಿ. ಆರುನೂರು ಜನ ಬರಬಹುದು. ನೆಂಟರ ಮದುವೆಯೊಂದರಲ್ಲಿ ಏಳೂವರೆಗೇ ಕುಣಿತದ ಹಾಡು ಹಾಕಿಸಿದ್ದರು. ಯಾರೂ ಎದ್ದು ಬರಲಿಲ್ಲ, ಒಂಬತ್ತಕ್ಕೆ ಹಾಲೇ ಖಾಲಿ. ನಾವು ಡಿಜೆಗೆ ಏನು ಹೇಳಬೇಕು?
– ಮದುಮಗಳ ಅಣ್ಣ, ತುಮಕೂರು

ಉತ್ತರ: ಹಾಡಿನ ಪಟ್ಟಿ ಆಮೇಲಾಗಲಿ, ಮೊದಲು ವೇದಿಕೆಯ ಸಾಲಿನ ಲೆಕ್ಕ ಹಾಕಿ. 600 ಜನ ನಾಲ್ಕು ನಾಲ್ಕು ಮಂದಿಯಾಗಿ ಬಂದರೆ 150 ಗುಂಪು. ಉಡುಗೊರೆ ಕೊಟ್ಟು, ಫೋಟೊಗೆ ನಿಂತು ಇಳಿಯಲು ಗುಂಪಿಗೆ 40 ಸೆಕೆಂಡು ಹಿಡಿದರೂ 100 ನಿಮಿಷ ಬೇಕು. ಏಳಕ್ಕೆ ಜೋಡಿ ವೇದಿಕೆ ಹತ್ತಿದರೆ ಸಾಲು ಕರಗುವುದು 8.40ಕ್ಕೆ. ಅಲ್ಲಿಯವರೆಗೆ ಗಂಡು ಹೆಣ್ಣು ಕದಲುವಂತಿಲ್ಲ, ಅವರಿಲ್ಲದೆ ಗೆಳೆಯರಿಗೂ ಕುಣಿಯುವ ಉಮೇದು ಬರುವುದಿಲ್ಲ. ಮೇಲಾಗಿ ಹೆಚ್ಚಿನ ಛತ್ರಗಳಲ್ಲಿ ಕುಣಿಯುವ ಜಾಗ ಮತ್ತು ಸಾಲು ನಿಲ್ಲುವ ಜಾಗ ಎರಡೂ ಒಂದೇ. ಏಳೂವರೆಯ ಕುಣಿತ ಕೈಕೊಡುವುದು ಇದಕ್ಕೇ.

ಜನ ಬಂದು ಕೂರುವಾಗ ವೇಣು, ವೀಣೆ, ಸ್ಯಾಕ್ಸೊಫೋನ್ ವಾದನ ಸಾಕು. ಜೋಡಿಯ ಪ್ರವೇಶಕ್ಕೆ ಒಂದೇ ಹಾಡು, ಅದೂ ಮೊದಲಿನಿಂದ ಬೇಡ. ಬಾಗಿಲಿನಿಂದ ವೇದಿಕೆಗೆ ಸೀರೆಯುಟ್ಟು ನಡೆಯಲು ಎಷ್ಟು ಹೊತ್ತು ಬೇಕೆಂದು ಮಧ್ಯಾಹ್ನವೇ ನಡೆದು ನೋಡಿ. ಸಾಮಾನ್ಯವಾಗಿ 60ರಿಂದ 90 ಸೆಕೆಂಡು. ಪಲ್ಲವಿ ಆರಂಭವಾಗುವ ಜಾಗಕ್ಕೇ ಹಾಡನ್ನು ಹೊಂದಿಸಿಟ್ಟುಕೊಂಡು, ವಿಡಿಯೊದವರ ಸನ್ನೆಯ ಮೇಲೆ ಬಿಡಬೇಕು. ಡಿಜೆ ತನ್ನಿಷ್ಟಕ್ಕೆ ಹಾಡು ಶುರು ಮಾಡಿ, ಕ್ಯಾಮೆರಾ ಇನ್ನೂ ಸಿದ್ಧವಿಲ್ಲದೆ ಜೋಡಿ ಬಾಗಿಲಲ್ಲೇ ನಿಲ್ಲುವುದು ತೀರಾ ಸಾಮಾನ್ಯವಾದ ಎಡವಟ್ಟು.

ಸಾಲು ಸಾಗುವಾಗ ನಿಮಿಷಕ್ಕೆ 80ರಿಂದ 100 ಬಡಿತದ ಇಂಪಾದ ಸಿನಿಮಾ ಹಾಡು, ಭಾವಗೀತೆ ಇರಲಿ. ಪಕ್ಕದ ಕುರ್ಚಿಯವರೊಡನೆ ದನಿ ಎತ್ತರಿಸದೆ ಮಾತಾಡಲಾಗಬೇಕು, ಶಬ್ದಕ್ಕೆ ಅದೇ ಅಳತೆ. ಸಾಲಿನಲ್ಲಿ ಇಪ್ಪತ್ತು ಗುಂಪು ಉಳಿದಾಗ ವೇಗ ಏರಿಸತೊಡಗಲಿ. ಈ ಸುದ್ದಿ ಡಿಜೆಗೆ ಮುಟ್ಟಿಸಲು ಒಬ್ಬರು, ಒಬ್ಬರೇ, ಇರಬೇಕು. ಸೋದರಮಾವ ಒಂದು, ಬೀಗರು ಇನ್ನೊಂದು ಹೇಳಿದರೆ ಅವನು ಯಾರ ಮಾತೂ ಕೇಳುವುದಿಲ್ಲ.

ಹಾಲ್ ಖಾಲಿಯಾದದ್ದಕ್ಕೆ ಡಿಜೆಯನ್ನು ದೂರಬೇಡಿ, ಅದು ಊಟದ ಮನೆಯ ವಿಷಯ. ವೇದಿಕೆಯಿಂದ ಇಳಿದವರು ಊಟಕ್ಕೆ, ಊಟದಿಂದ ನೇರ ಗಾಡಿಗೆ ಹೋಗುತ್ತಾರೆ. ಕುಣಿಯುವ ಹುಡುಗ ಹುಡುಗಿಯರನ್ನು ಮೊದಲ ಅಥವಾ ಎರಡನೇ ಪಂಕ್ತಿಗೇ ಕೂರಿಸಿ, ಎಂಟೂವರೆಯೊಳಗೆ ಮೇಲೆ ಕಳಿಸಿ. ಜೋಡಿಗೂ ಸಾಲಿನ ನಡುವೆ ಹಣ್ಣಿನ ರಸವಾದರೂ ಕೊಡಿ. ಹಸಿದವರು ಕುಣಿಯುವುದಿಲ್ಲ.

ಪ್ರಶ್ನೆ: ನಮ್ಮ ಕಡೆಯ ಮದುವೆಗಳಲ್ಲಿ ಕುಣಿತ ಶುರುವಾಗುತ್ತದೆ, ಆದರೆ ಮೂರನೇ ಹಾಡಿಗೇ ಎಲ್ಲರೂ ಹೋಗಿ ಕೂರುತ್ತಾರೆ. ಹಾಡುಗಳೇನೋ ಒಳ್ಳೆಯವೇ.
– ಓದುಗರು, ಹಾಸನ

ಉತ್ತರ: ಅತಿ ವೇಗದ ಹಾಡನ್ನು ಮೊದಲೇ ಹಾಕಿರುತ್ತಾರೆ. ಮೊದಲನೆಯದು ಅತ್ತೆಯಂದಿರಿಗೂ ಬರುವ ಹಳೆಯ ಹಾಡಾಗಿರಲಿ, ನಿಮಿಷಕ್ಕೆ 105ರ ಆಸುಪಾಸು. ಅಲ್ಲಿಂದ ಹಾಡಿಗೆ ಮೂರು ನಾಲ್ಕು ಬಡಿತದಷ್ಟೇ ಏರಿಸುತ್ತ 125–130ಕ್ಕೆ ಒಯ್ಯಬೇಕು. ನಾಲ್ಕೈದು ಹಾಡಿಗೊಮ್ಮೆ ಉಸಿರು ತೆಗೆದುಕೊಳ್ಳಲು ಒಂದು ತಗ್ಗಿದ ಹಾಡು. ಒಂದೊಂದು ಹಾಡೂ ಪಲ್ಲವಿ, ಮೊದಲ ಚರಣ, ಮತ್ತೆ ಪಲ್ಲವಿ ಇಷ್ಟಕ್ಕೇ ಮುಗಿಯಲಿ. ಎರಡೂವರೆ ನಿಮಿಷ ಸಾಕು. ಸಿನಿಮಾ ಹಾಡಿನ ಚರಣಗಳ ನಡುವಿನ ವಾದ್ಯದ ತುಣುಕು ತೆರೆಯ ಮೇಲಿನ ದೃಶ್ಯಕ್ಕೆಂದು ಮಾಡಿದ್ದು. ಕುಣಿಯುವವರು ಅಲ್ಲಿ ಕೈ ಇಳಿಸುತ್ತಾರೆ, ಇಳಿಸಿದವರು ನೀರು ಕುಡಿಯಲು ಹೋಗುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ತಮಟೆ, ಟಪ್ಪಾಂಗುಚ್ಚಿ ಹಾಡುಗಳು ಬಹುಪಾಲು ಆರರ ನಡೆಯವು, ಅಂದರೆ ತಾಳವನ್ನು ಆರಾರಾಗಿ ಎಣಿಸುವಂಥವು; ಕ್ಲಬ್ಬಿನ ಹಾಡುಗಳದು ನಾಲ್ಕರ ನಡೆ. ಒಂದರ ಮೇಲೊಂದು ಬೆರೆಸಲು ಹೋದರೆ ಹೆಜ್ಜೆ ತಪ್ಪಿ ಎಲ್ಲರೂ ನಿಂತುಬಿಡುತ್ತಾರೆ. ಬಲ್ಲ ಡಿಜೆ ಅಲ್ಲಿ ಬೆರೆಸುವುದೇ ಇಲ್ಲ. ಹಾಡನ್ನು ಪೂರ್ತಿ ಕತ್ತರಿಸಿ, ನಿರೂಪಕರ ಒಂದು ಕೂಗಿನ ಮೇಲೆ ಹೊಸ ಬಡಿತ ಶುರು ಮಾಡುತ್ತಾನೆ. ತಮಟೆಯ ಹಾಡುಗಳನ್ನು ಕೊನೆಯ ಇಪ್ಪತ್ತು ನಿಮಿಷಕ್ಕೆ ಒಟ್ಟಾಗಿ ಇಟ್ಟುಕೊಳ್ಳುವುದು ಇನ್ನೂ ಜಾಣತನ. ಬೀಗರು ತೆಲುಗಿನವರೋ ತುಳುವಿನವರೋ ಆಗಿದ್ದರೆ ಅವರಿಗೆ ಒಂದೊಂದೇ ಹಾಡು ಹಂಚಬೇಡಿ, ಸತತ ಮೂರು ಕೊಡಿ. ಒಂದು ಹಾಡು ಎದ್ದು ಬರುವಷ್ಟರಲ್ಲಿ ಮುಗಿದುಹೋಗಿರುತ್ತದೆ.

ಪ್ರಶ್ನೆ: ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನವರಿಗೆ ನಿರೂಪಕರ ಮಾತೇ ತಿಳಿಯುವುದಿಲ್ಲ. ಮೈಕು ಬೇರೆ ಕಿರುಚುತ್ತದೆ. ನಡುವೆ ಕರೆಂಟೂ ಹೋಗುತ್ತದೆ!
– ಛತ್ರವೊಂದರ ವ್ಯವಸ್ಥಾಪಕರು, ಮೈಸೂರು

ಉತ್ತರ: ಸ್ಪೀಕರನ್ನು ನೆಲದ ಮೇಲೋ ವೇದಿಕೆಯ ಅಂಚಿಗೋ ಇಟ್ಟರೆ ಹೀಗಾಗುವುದೇ. ಸ್ಟ್ಯಾಂಡಿನ ಮೇಲೆ ಏಳು ಅಡಿ ಎತ್ತರಕ್ಕೆ ಏರಿಸಿ ಹಿಂದಿನ ಸಾಲುಗಳ ಕಡೆಗೆ ತಿರುಗಿಸಿ. ಶಬ್ದದ ಬಿರುಸು ಮುಂದಿನವರ ತಲೆಯ ಮೇಲೆ ಹಾದುಹೋಗುತ್ತದೆ. ಉದ್ದನೆಯ ಹಾಲಿಗೆ ಮಧ್ಯದಲ್ಲಿ ಇನ್ನೊಂದು ಜೋಡಿ ಚಿಕ್ಕ ಸ್ಪೀಕರ್ ಬೇಕು. ಮುಂದಿನ ಸ್ಪೀಕರಿನಿಂದ ಅದು 15 ಮೀಟರ್ ದೂರದಲ್ಲಿದ್ದರೆ ಅದರ ಶಬ್ದವನ್ನು ಸುಮಾರು 44 ಮಿಲಿಸೆಕೆಂಡು ತಡಮಾಡಿಸಬೇಕು, ಇಲ್ಲವಾದರೆ ಮಾತು ಎರಡೆರಡು ಸಲ ಕೇಳಿ ಕಲಸಿಹೋಗುತ್ತದೆ. ಗ್ರಾನೈಟ್ ನೆಲ, ಬೋಳು ಗೋಡೆಯ ಹಾಲಿನಲ್ಲಿ ವಾಲ್ಯೂಮ್ ಏರಿಸಿದಷ್ಟೂ ಮಾತು ಮಸುಕಾಗುತ್ತದೆ, ಬೇಸ್ ತಗ್ಗಿಸುವುದೇ ಮದ್ದು. ಮೈಕು ಹಿಡಿದವರು ಸ್ಪೀಕರಿನ ಮುಂದೆ ಬಾರದಂತೆ ನೋಡಿಕೊಂಡರೆ ಕಿರುಚಾಟ ಬಹುಪಾಲು ನಿಲ್ಲುತ್ತದೆ.

ಕರೆಂಟಿನ ತಂಟೆಗೆ ಅಡುಗೆ ಮನೆಯ ಗ್ರೈಂಡರನ್ನು ನೋಡಿ. ಅದೂ ಸೌಂಡೂ ಒಂದೇ ಫೇಸಿನಲ್ಲಿದ್ದರೆ ಟ್ರಿಪ್ ಆಗುವುದು ಹೆಚ್ಚು. 16 ಆಂಪಿಯರಿನ ಲೈನಿನಿಂದ ಹೆಚ್ಚೆಂದರೆ 3,600 ವ್ಯಾಟ್ ಸಿಗುತ್ತದೆ. ಲೈಟುಗಳನ್ನೂ ಅದಕ್ಕೇ ಸಿಕ್ಕಿಸಬಾರದು. ಜನರೇಟರಿಗೆ ಬದಲಾಗುವ ಆ ಕೆಲವು ಸೆಕೆಂಡಿಗಾಗಿ ಡಿಜೆಯ ಸೌಂಡ್ ಮಿಕ್ಸರ್, ಲ್ಯಾಪ್‌ಟಾಪ್ ಎರಡನ್ನು ಚಿಕ್ಕ ಯುಪಿಎಸ್‌ಗೆ ಹಾಕಿ. ಆಂಪ್ಲಿಫೈಯರ್ ಚಾಲೂ ಇದ್ದಾಗ ಮಿಕ್ಸರ್ ಆರಿ ಹೊತ್ತಿಕೊಂಡರೆ ‘ಧಡ್’ ಎಂದು ಹೊಡೆಯುವ ಸದ್ದಿಗೆ ಸ್ಪೀಕರ್ ಸುಡುವುದುಂಟು.

ಪ್ರಶ್ನೆ: ರಾತ್ರಿ ಹತ್ತರ ಮೇಲೆ ಅರ್ಧ ಗಂಟೆ ನಡೆಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ಬಯಲಿನಲ್ಲಿ, ಶಾಮಿಯಾನದಡಿ ಖಂಡಿತ ಬೇಡ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ವಿನಾಯಿತಿ ಇದೆ, ಆದರೆ ಸದ್ದು ಹೊರಗೆ ಹೋದರೆ ದೂರು ಬರುತ್ತದೆ. ಬೇಸ್ ಗೋಡೆ ದಾಟಿ ಹೋಗುವಂಥದ್ದು, ಬಾಗಿಲು ಮುಚ್ಚಿದರೂ ನಿಲ್ಲದು. 9.50ಕ್ಕೆ ಕೊನೆಯ ಹಾಡು ಎಂದು ಡಿಜೆಯ ಜೊತೆಗಿನ ಕರಾರಿನಲ್ಲೇ ಬರೆಸಿ. ‘ಇನ್ನೊಂದೇ ಒಂದು’ ಎಂದು ಹುಡುಗರು ಕೇಳಿಯೇ ಕೇಳುತ್ತಾರೆ, ಆ ಒಂದಕ್ಕೆಂದೇ ಹತ್ತು ನಿಮಿಷ.