ಬೆಂಗಳೂರಿನ ಮೇಲೆ ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಅಣುಬಾಂಬ್ ಸಿಡಿಸಿ ತಡೆಯಬಹುದಾ?

ತಡೆಯಬಹುದು. ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಅದಕ್ಕೆಂದೇ ಕ್ಷಿಪಣಿಗಳನ್ನು ಮಾಡಿಟ್ಟುಕೊಂಡಿದ್ದವು. ಆದರೆ ಕಾಯುವವರಿಗೂ ಅದರಿಂದ ಹಾನಿ ಜಾಸ್ತಿ.

ಅಣುಬಾಂಬೇ ಯಾಕೆ? ಸೆಕೆಂಡಿಗೆ ಸುಮಾರು 7 ಕಿ.ಮೀ. ವೇಗದಲ್ಲಿ ಬರುವ ಸಿಡಿತಲೆಗೆ (ಕ್ಷಿಪಣಿ ಹೊತ್ತು ತರುವ ಬಾಂಬಿನ ಭಾಗ) ನೇರವಾಗಿ ಹೊಡೆಯುವಷ್ಟು ನಿಖರತೆ ಆಗಿನ ರಾಡಾರ್, ಕಂಪ್ಯೂಟರ್‌ಗಳಿಗೆ ಇರಲಿಲ್ಲ. ಹತ್ತಿರ ಹೋಗಿ ಸಿಡಿದರೆ ಸಾಕಿತ್ತು. ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಹಾಗಾಗಿ ಗಾಳಿಯ ಹೊಡೆತವೂ ಇಲ್ಲ, ಅಲ್ವಾ? ಅಲ್ಲಿ ಕೆಲಸ ಮಾಡುವುದು ಎಕ್ಸ್-ಕಿರಣ. ಅದು ಸಿಡಿತಲೆಯ ಕವಚದ ಮೇಲ್ಪದರವನ್ನು ಕ್ಷಣದಲ್ಲಿ ಆವಿ ಮಾಡುತ್ತದೆ. ಆವಿ ಹೊರಗೆ ಚಿಮ್ಮಿದ ರಭಸಕ್ಕೆ ಆಘಾತದ ಅಲೆ ಒಳಗೆ ನುಗ್ಗಿ ಕವಚವನ್ನು ಒಡೆಯುತ್ತದೆ. ಅಮೆರಿಕದ ಸ್ಪಾರ್ಟನ್ ಕ್ಷಿಪಣಿ ಇದಕ್ಕಾಗಿಯೇ ಸುಮಾರು 5 ಮೆಗಾಟನ್, ಅಂದರೆ 50 ಲಕ್ಷ ಟನ್ ಟಿಎನ್‌ಟಿಯಷ್ಟು ಶಕ್ತಿಯ ಬಾಂಬ್ ಹೊರುತ್ತಿತ್ತು.

ನಿಜವಾದ ತೊಂದರೆ ಸಿಡಿದ ಮೇಲೆ. ಮೇಲಿನ ಗಾಳಿಯಲ್ಲಿ ವಿದ್ಯುತ್ ಕಣಗಳು ತುಂಬಿ ಕಾಯುವವರ ರಾಡಾರೇ ಕುರುಡಾಗುತ್ತದೆ. ಹಿಂದೆ ಬರುವ ಎರಡನೇ ಕ್ಷಿಪಣಿ ಕಾಣುವುದಿಲ್ಲ. 1962ರ ಜುಲೈನಲ್ಲಿ ಅಮೆರಿಕ ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿ.ಮೀ. ಎತ್ತರದಲ್ಲಿ 1.4 ಮೆಗಾಟನ್ ಬಾಂಬ್ ಸಿಡಿಸಿ ನೋಡಿತು. ಸುಮಾರು 1,400 ಕಿ.ಮೀ. ಆಚೆಯ ಹವಾಯಿಯಲ್ಲಿ ಕೆಲವು ಬೀದಿದೀಪಗಳು ಆರಿದವು. ಹಲವು ಉಪಗ್ರಹಗಳು ಆಮೇಲೆ ಕೆಟ್ಟವು. ಬೆಂಗಳೂರಿನ ಮೇಲೆ ಹೀಗಾದರೆ ಕರೆಂಟ್ ಹೋಗುವುದಷ್ಟೇ ಅಲ್ಲ, ಪೀಣ್ಯದ ಇಸ್ಟ್ರಾಕ್ ಕೇಂದ್ರದಿಂದ ಇಸ್ರೋ ನೋಡಿಕೊಳ್ಳುವ ಉಪಗ್ರಹಗಳೂ ಹಾಳಾಗಬಹುದು. ನನಗೆ ಇದೇ ದೊಡ್ಡ ಭಯ.

ಅಮೆರಿಕ ತನ್ನ ಅಣು ತಡೆ ಕ್ಷಿಪಣಿಗಳನ್ನು 1976ರಲ್ಲಿ ಕೆಲಸದಿಂದ ತೆಗೆಯಿತು. ಈಗ ಗುರಿ ಎಷ್ಟು ನಿಖರವಾಗಿದೆ ಎಂದರೆ, ಸಿಡಿಮದ್ದೇ ಇಲ್ಲದೆ ಬರೀ ಡಿಕ್ಕಿ ಹೊಡೆದು ಸಿಡಿತಲೆಯನ್ನು ಪುಡಿ ಮಾಡುವ ಕ್ಷಿಪಣಿಗಳಿವೆ.